ಬಸ್ರೂರಿನ ಅಕ್ಕಿ ಇಳಿದ ದಂಡೆ

ದುಬೈ
ಜನವರಿ

ತೀರ್ಥರೂಪು ಅಪ್ಪಯ್ಯನವರಿಗೆ, ಮಾತೃಶ್ರೀ ಅಮ್ಮನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ.

ನಮ್ಮ ಪ್ರವಾಸದ ಹಡಗಿನ ಊಟ, ಅಲೆಗೆ ಇವರಿಗೆ ತಲೆ ತಿರುಗಿದ್ದು, ಎಲ್ಲವನ್ನೂ ಫೋನಿನಲ್ಲಿ ಹೇಳಿಯಾಗಿದೆ. ಒಮಾನಿನ ರಾಜಧಾನಿ ಮಸ್ಕತ್ತಿನ ಸುದ್ದಿಯನ್ನು ಮಾತ್ರ ಬೇಕೆಂದೇ ಉಳಿಸಿಕೊಂಡಿದ್ದೆ. "ಆ ಮರಳುಗಾಡಿನಲ್ಲಿ ನೋಡಲಿಕ್ಕೆ ಏನಿದೆ?" ಎಂದು ಅಪ್ಪಯ್ಯ ಪ್ರತಿ ವರ್ಷ ಪ್ರಯಾಣ ಮುಂದೂಡುತ್ತಾರಲ್ಲ, ಅದಕ್ಕೆ ಇದು ಉತ್ತರ.

ಹಡಗು ನಿಲ್ಲುವುದು ಮತ್ರಾದಲ್ಲಿ. ಮಸ್ಕತ್ತಿನ ವ್ಯಾಪಾರದ ಪೇಟೆ ಇದು. ಅರಮನೆ, ಕೋಟೆಗಳಿರುವ ಹಳೆಯ ಮಸ್ಕತ್ ಗುಡ್ಡದ ಆಚೆಗೆ. ಬಂದರಿನ ಒಳಗೆ ನಡೆಯಲು ಬಿಡುವುದಿಲ್ಲ, ಗೇಟಿನವರೆಗೆ ಬಸ್ಸಿನಲ್ಲೇ ಒಯ್ಯುತ್ತಾರೆ. ಹೊರಗೆ ಟ್ಯಾಕ್ಸಿಯವರು ಮುತ್ತಿಕೊಂಡರು. ಅವರನ್ನು ದಾಟಿದರೆ ಸಾಕು, ಕಡಲಿನ ಅಂಚಿಗೇ ಅಗಲವಾದ ಕಾಲುದಾರಿ. ಏರಿಲ್ಲ, ಇಳಿಜಾರಿಲ್ಲ. ಅತ್ತೆಯೇ ನಮಗಿಂತ ಮುಂದೆ ನಡೆದರು.

ಮೊದಲು ಸಿಗುವುದು ಮೀನು ಮಾರುಕಟ್ಟೆ. ನಾರ್ವೆಯ ವಾಸ್ತುಶಿಲ್ಪಿಗಳು ವಿನ್ಯಾಸ ಮಾಡಿದ ಈ ಕಟ್ಟಡ 2017ರಲ್ಲಿ ತೆರೆಯಿತು. ಅಮ್ಮಾ, ಸಾಲಾಗಿ ಮಲಗಿಸಿದ ಅಂಜಲ್ ನೋಡಿದ್ದರೆ ನೀನು ಒಂದೊಂದರ ಕಿವಿರನ್ನೂ ಎತ್ತಿ ನೋಡದೆ ಕದಲುತ್ತಿರಲಿಲ್ಲ. ಹಡಗಿಗೆ ಮೀನು ಒಯ್ಯುವಂತಿಲ್ಲ. ಆದರೂ ಸುಮ್ಮನಿರಲಾರದೆ ದರ ಕೇಳಿ, ಚೌಕಾಸಿಯನ್ನೂ ಮಾಡಿ ಬರಿಗೈಯಲ್ಲಿ ಹೊರಬಂದೆ. ಇವರಿಗೆ ನಾಚಿಕೆಯೋ ನಾಚಿಕೆ.

ಮುಂದೆ ಕೆತ್ತನೆಯ ಮರದ ಮೊಗಸಾಲೆಗಳಿರುವ ಬಿಳಿ ಮನೆಗಳ ಸಾಲು. ಅದರ ಹಿಂದೆ ಗೋಡೆ ಕಟ್ಟಿಕೊಂಡ ಒಂದು ಕೇರಿ. ಲವಾತಿಯಾ ಎಂಬ ವರ್ತಕ ಸಮುದಾಯದ್ದು, ಅವರ ಬೇರು ಸಿಂಧ್ ಕಡೆಯದು. ಹಿಂದೆ ಹೊರಗಿನವರಿಗೆ ಪ್ರವೇಶವಿರಲಿಲ್ಲವಂತೆ. ಪಕ್ಕದಲ್ಲೇ ಸೂಕ್, ಅಂದರೆ ಮೇಲೆ ಮರದ ಮಾಡು ಹೊದಿಸಿದ ಗಲ್ಲಿ ಗಲ್ಲಿಗಳ ಪೇಟೆ. ದೋಫಾರ್ ಸೀಮೆಯ ಲೋಬಾನದ ಹೊಗೆ ಅಲ್ಲಿ ಬಟ್ಟೆಗೆ ಹಿಡಿದುಬಿಡುತ್ತದೆ. ಪ್ರವಾಸಿಗರಿಗೆಂದು ಇಟ್ಟ ಸರಕು ನನಗೇನೂ ಹಿಡಿಸಲಿಲ್ಲ, ಅರ್ಧಕ್ಕರ್ಧ ಎಲ್ಲಿ ಬೇಕಾದರೂ ಸಿಗುವಂಥದ್ದು. ಆದರೆ ಒಂದು ಅಂಗಡಿಯಲ್ಲಿ ಗಾಜಿನ ಚೌಕಟ್ಟಿನೊಳಗೆ ನಮ್ಮ ರಿಸರ್ವ್ ಬ್ಯಾಂಕಿನ ನೋಟು ಇತ್ತು! ಕೊಲ್ಲಿ ದೇಶಗಳಿಗೆಂದೇ 1959ರಲ್ಲಿ ಬೇರೆ ಬಣ್ಣದಲ್ಲಿ ಹೊರಡಿಸಿದ ರೂಪಾಯಿ; ಒಮಾನಿನಲ್ಲಿ ಅದು 1970ರವರೆಗೂ ಚಲಾವಣೆಯಲ್ಲಿತ್ತಂತೆ. ಅಪ್ಪಯ್ಯನ ನೋಟಿನ ಡಬ್ಬಿಗೆ ಕೊಳ್ಳೋಣವೆಂದರೆ ಅಂಗಡಿಯವನು ಮಾರುವುದಿಲ್ಲ ಎಂದ.

ಈಗ ನಾನು ಹೇಳಬೇಕೆಂದಿದ್ದ ಸಂಗತಿ. ಕಟ್ಟೆಯ ಮೇಲೆ ಕುಳಿತು ಹಿಂದಿನ ಗುಡ್ಡ ನೋಡಿದೆ. ಕಂದು ಬಣ್ಣದ ಬೋಳು ಬಂಡೆ, ಹಸಿರೆಂಬುದೇ ಇಲ್ಲ. ಇಂಥ ಊರು ಏನನ್ನು ಉಂಡು ಬದುಕಿತು? ನಮ್ಮ ಅಕ್ಕಿಯನ್ನು. ಬಸ್ರೂರಿನ ಹೊಳೆದಂಡೆಯಲ್ಲಿ ನಿಲ್ಲಿಸಿ, ಇಲ್ಲಿಂದ ಅಕ್ಕಿ ಅರಬರ ದೇಶಕ್ಕೆ ಹೋಗುತ್ತಿತ್ತು ಎಂದು ನೀವು ಹೇಳಿದಾಗ ನನಗೆ ಆಕಳಿಕೆ ಬಂದಿತ್ತು. ಮಳೆಗಾಲ ಮುಗಿದು ಗಾಳಿ ತಿರುಗಿದ ಮೇಲೆ ಬಸ್ರೂರು, ಮಂಗಳೂರುಗಳಿಂದ ಹೊರಟ ಅಕ್ಕಿ ಮೂಟೆಗಳು ಇಳಿಯುತ್ತಿದ್ದದ್ದು ಈ ಕೊಲ್ಲಿಯಲ್ಲೇ. ಆಮೇಲೆ ಟಿಪ್ಪು ಸುಲ್ತಾನ್ ಮಸ್ಕತ್ತಿನಲ್ಲಿ ತನ್ನದೇ ವ್ಯಾಪಾರದ ಕೋಠಿ ತೆರೆದು ಅಕ್ಕಿಯ ಜೊತೆ ಶ್ರೀಗಂಧ, ಕಾಳುಮೆಣಸನ್ನೂ ಮಾರಿಸಿದ. ದುಬೈಗೆ ಬಂದು ಇಷ್ಟು ಕಾಲ ನಾನು ಪರದೇಶದಲ್ಲಿದ್ದೇನೆ ಎಂದೇ ಅಂದುಕೊಂಡಿದ್ದೆ. ಅಲ್ಲಿ ಕುಳಿತಾಗ, ನಮ್ಮವರ ಲೆಕ್ಕದಲ್ಲಿ ಈ ದಂಡೆಗಿಂತ ಬೆಂಗಳೂರೇ ದೂರವಿದ್ದಿರಬೇಕು ಅನ್ನಿಸಿತು.

ರಿಯಾಮ್ ಪಾರ್ಕಿನವರೆಗೆ ನಡೆದು, ಅಲ್ಲಿಂದ ಹಳೆಯ ಮಸ್ಕತ್ತಿಗೆ ಟ್ಯಾಕ್ಸಿ ಹಿಡಿದೆವು. ನೀಲಿ ಮತ್ತು ಬಂಗಾರದ ಬಣ್ಣದ ಅಲ್ ಆಲಂ ಅರಮನೆ, ಅದರ ಎರಡೂ ಬದಿಯ ಬಂಡೆಗಳ ಮೇಲೆ ಜಲಾಲಿ, ಮಿರಾನಿ ಕೋಟೆಗಳು. ಎರಡೂ ಪೋರ್ಚುಗೀಸರು 1580ರ ದಶಕದಲ್ಲಿ ಕಟ್ಟಿಸಿದವು. ಒಮಾನಿಗಳು 1650ರಲ್ಲಿ ಅವರನ್ನು ಇಲ್ಲಿಂದ ಓಡಿಸಿದರು. ಅದಾಗಿ ಮೂರ್ನಾಲ್ಕು ವರ್ಷಗಳಲ್ಲೇ ನಮ್ಮ ಕೆಳದಿಯ ಶಿವಪ್ಪನಾಯಕ ಬಸ್ರೂರು, ಗಂಗೊಳ್ಳಿ, ಹೊನ್ನಾವರದ ಕೋಟೆಗಳನ್ನು ಅವರಿಂದ ಕಿತ್ತುಕೊಂಡ ಎಂದು ನೀವೇ ಹೇಳಿದ್ದು. ಆ ಪಾಠದ ಉಳಿದ ಅರ್ಧವನ್ನು ನಾನು ಇಲ್ಲಿ ಕಣ್ಣಾರೆ ಕಂಡೆ. ಅರಮನೆಯ ಹತ್ತಿರ ಕಛ್ ವರ್ತಕರು ಕಟ್ಟಿಸಿದ ಮೋತೀಶ್ವರ ಮಹಾದೇವನ ಗುಡಿಯೂ ಇದೆ. ಅತ್ತೆ ಅಲ್ಲಿ ಕುಳಿತವರು ಏಳಲೊಲ್ಲರು. ಹಡಗು ತಪ್ಪುತ್ತದೆಂದು ಹೆದರಿಸಿ ಎಬ್ಬಿಸಬೇಕಾಯಿತು.

ಅಪ್ಪಯ್ಯ, ಕಪಾಟಿನಲ್ಲಿರುವ ಪಾಸ್‌ಪೋರ್ಟುಗಳ ಅವಧಿ ನೋಡಿ, ಮುಗಿಯುತ್ತಾ ಬಂದಿದ್ದರೆ ಈಗಲೇ ನವೀಕರಣಕ್ಕೆ ಕೊಡಿ. ನವೆಂಬರ್ ಕಳೆದ ಮೇಲೆ ಬನ್ನಿ, ಬೇಸಗೆಯಲ್ಲಿ ಆ ದಾರಿಯಲ್ಲಿ ಹತ್ತು ಹೆಜ್ಜೆಯೂ ನಡೆಯಲಾಗದು. ಅಮ್ಮಾ, ಕುಚ್ಚಲಕ್ಕಿ ಹೊತ್ತು ತರಬೇಡ, ಇಲ್ಲಿ ಸಿಗುತ್ತದೆ. ಮಂಡಿನೋವಿನ ಮಾತ್ರೆ ಮತ್ತು ಡಾಕ್ಟರ ಚೀಟಿ ಮಾತ್ರ ಕೈಚೀಲದಲ್ಲೇ ಇರಲಿ.

ಇತಿ ನಿಮ್ಮ ಪ್ರೀತಿಯ ಮಗಳು