ಗೊಂಬೆ ಸುಟ್ಟ ಹುಡುಗಿಗೆ ಮುಂದಿನದು ಗೊತ್ತಿರಲಿಲ್ಲ

ಪ್ರೀತಿಯ ಗೆಳೆಯಾ,

ನಿನ್ನ ಹಸ್ತಪ್ರತಿ ಬಂದು ಮೂರು ವಾರವಾಯ್ತು. ಇಂದಿರಾ ಗಾಂಧಿ ಬಗ್ಗೆ ಮುನ್ನೂರು ಪುಟ! ಪ್ರಕಾಶಕರು ವಾಪಸ್ ಕಳಿಸಿದರು, ಸುಟ್ಟುಬಿಡಲೇ ಅಂತ ಕೇಳಿದ್ದೀಯ. ಸುಮ್ನೆ ಇರು. ಅಧ್ಯಾಯ ಹೇಗೆ ಜೋಡಿಸಬೇಕು, ಫೋಟೊ ಎಲ್ಲಿ ಹಾಕಬೇಕು ಅನ್ನೋದನ್ನು ನಾನು ಹೇಳುವುದಿಲ್ಲ. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ.

ನನಗೆ ಸಿಟ್ಟು ಬಂದದ್ದು ನಿನ್ನ ಮೊದಲ ಸಾಲಿಗೆ. 1917ರ ನವೆಂಬರ್ 19ರಂದು ಅಲಹಾಬಾದಿನಲ್ಲಿ ‘ದೇಶದ ಭಾವಿ ಪ್ರಧಾನಿ’ ಹುಟ್ಟಿದರು ಅಂತ ಬರೆದಿದ್ದೀಯ. ಇಲ್ಲ ಕಣಯ್ಯ. ಅವತ್ತು ಹುಟ್ಟಿದ್ದು ಒಂದು ಕೂಸು, ಅಷ್ಟೇ. ಆ ಕೂಸು ಹುಡುಗಿಯಾಗಿ ತನ್ನ ವಿದೇಶಿ ಗೊಂಬೆಯನ್ನು ಸುಟ್ಟ ಕತೆಯನ್ನೂ ನೀನು ‘ನಾಯಕತ್ವದ ಮೊದಲ ಕಿಡಿ’ ಮಾಡಿಬಿಟ್ಟೆ. ಸುಟ್ಟ ಮೇಲೆ ತನಗೆ ಜ್ವರ ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ. ಆ ಜ್ವರ ನಿನ್ನ ಪುಟದಲ್ಲಿ ಯಾಕಿಲ್ಲ?

ಮುಂದೆ ಏನಾಯ್ತು ಅನ್ನೋದನ್ನು ಮರೆತು ಬರಿ. ನನ್ನ ತಕರಾರು ಇದೊಂದೇ.

1964ರಲ್ಲಿ ನೆಹರೂ ತೀರಿಕೊಂಡಾಗ ಪ್ರಧಾನಿಯಾದದ್ದು ಶಾಸ್ತ್ರಿ, ಮಗಳಲ್ಲ. ಶಾಸ್ತ್ರಿ ತಾಷ್ಕೆಂಟಿನಲ್ಲಿ ಹಠಾತ್ತನೆ ತೀರಿಕೊಳ್ಳದಿದ್ದರೆ? 1966ರ ಜನವರಿಯಲ್ಲಿ ಪಕ್ಷದೊಳಗೇ ಮತದಾನ ನಡೆಯಿತು. ಇಂದಿರಾಗೆ 355, ಮೊರಾರ್ಜಿ ದೇಸಾಯಿಗೆ 169. ಆ 169 ಮಂದಿಗೆ ಹಣೆಬರಹ ಓದಲು ಬರುತ್ತಿರಲಿಲ್ಲ ಅಂತೀಯಾ? ಗೆಲ್ಲಿಸಿದ ಹಿರಿಯರಿಗೂ ಈಕೆ ಹೇಳಿದಂತೆ ಕೇಳಿಕೊಂಡಿರುತ್ತಾಳೆ ಅನ್ನುವ ಲೆಕ್ಕಾಚಾರ ಇತ್ತು. ಸಮಾಜವಾದಿ ನಾಯಕ ಲೋಹಿಯಾ ‘ಗೂಂಗಿ ಗುಡಿಯಾ’, ಮೂಕ ಬೊಂಬೆ, ಅಂದರು. ಹಾಗಂತ ಮನೆತನದ ಬಲವನ್ನೂ ಮುಚ್ಚಿಡಬೇಡ. ಅಪ್ಪ ಪ್ರಧಾನಿಯಾಗಿದ್ದಾಗಲೇ, 1959ರಲ್ಲಿ, 41ನೇ ವಯಸ್ಸಿಗೆ ಕಾಂಗ್ರೆಸ್ ಅಧ್ಯಕ್ಷೆಯಾದರಲ್ಲ, ಅದನ್ನು ‘ಪ್ರತಿಭೆಗೆ ಸಂದ ಗೌರವ’ ಅಂದಿದ್ದೀಯ. ಓದಿ ನಗು ಬಂತು.

ಇಷ್ಟು ಬೈಯಲು ನನಗೇನು ಯೋಗ್ಯತೆ ಅಂತೀಯಾ? 1977ರ ಮಾರ್ಚಿನಲ್ಲಿ ಅವರು ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು 55 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅವರು ಹೇರಿದ್ದ ತುರ್ತು ಪರಿಸ್ಥಿತಿಯ 21 ತಿಂಗಳು ಬಾಯಿ ಮುಚ್ಚಿಕೊಂಡಿದ್ದ ನಾನು ಆಗ ಪೌರುಷ ತೋರಿಸಿದೆ. ‘ಮುಗಿದ ಅಧ್ಯಾಯ’ ಅಂತ ದೊಡ್ಡ ಲೇಖನ ಬರೆದೆ. ಇಪ್ಪತ್ತು ತಿಂಗಳಿಗೆ ಆ ಅಧ್ಯಾಯ ನಮ್ಮ ಚಿಕ್ಕಮಗಳೂರಿಗೇ ಬಂತು! ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು, ವೀರೇಂದ್ರ ಪಾಟೀಲರು ಎದುರಾಳಿ, ಗೆಲುವಿನ ಅಂತರ 77 ಸಾವಿರಕ್ಕೂ ಹೆಚ್ಚು. ಸರಿ, ಗೆದ್ದರು ಅಂದುಕೊಂಡರೆ ಮರುತಿಂಗಳೇ ಲೋಕಸಭೆಯಿಂದ ಹೊರಗೆ ಹಾಕಿ ತಿಹಾರ್ ಜೈಲಿಗೆ ಕಳಿಸಿದರು. 1980ರಲ್ಲಿ ಮತ್ತೆ ಪ್ರಧಾನಿ. ಇದರಲ್ಲಿ ಯಾವ ತಿರುವನ್ನು ನಾನು ಊಹಿಸಿದ್ದೆ ಹೇಳು?

ಅದಕ್ಕಿಂತ ನಾಚಿಕೆಯದು ಇನ್ನೊಂದಿದೆ. 1984ರ ಅಕ್ಟೋಬರ್ 31ರಂದು ಅವರ ಕಾವಲಿನವರೇ ಗುಂಡು ಹೊಡೆದರು. ಅದೇ ವಾರ ನಾನು ಬರೆದ ಶ್ರದ್ಧಾಂಜಲಿಯಲ್ಲಿ ತುರ್ತು ಪರಿಸ್ಥಿತಿ ಅನ್ನುವ ಪದವೇ ಇರಲಿಲ್ಲ. ಅದರ ಕಾಲದಲ್ಲಿ ಬೆಂಗಳೂರಿನ ಜೈಲು ಸೇರಿ, ಆರೋಗ್ಯ ಕೆಟ್ಟು, 1977ರ ಜನವರಿಯಲ್ಲಿ ತೀರಿಹೋದ ನಟಿ ಸ್ನೇಹಲತಾ ರೆಡ್ಡಿ ನನಗೆ ನೆನಪಾಗಲೇ ಇಲ್ಲ. ನೆನಪಾಗಲಿಲ್ಲವೋ, ಬೇಡ ಅಂತ ತಳ್ಳಿದೆನೋ. ಒಬ್ಬ ಹಿರಿಯ ವಿಮರ್ಶಕರು ಆ ಲೇಖನವನ್ನು ಬಾಯ್ತುಂಬ ಹೊಗಳಿದರು. ಅವರ ಮೇಲೆ ಇವತ್ತಿಗೂ ನನಗೆ ಕೋಪ. ಬೈದಿದ್ದರೆ ಆಗಲೇ ತಿದ್ದಿಕೊಳ್ಳುತ್ತಿದ್ದೆ, ಅಲ್ವಾ?

ಮುನ್ನೂರು ಪುಟದಲ್ಲಿ ನಾಲ್ಕು ಪುಟ ನನಗೆ ನಿಜಕ್ಕೂ ಇಷ್ಟವಾದವು. 1936ರ ಫೆಬ್ರವರಿ, ಸ್ವಿಟ್ಜರ್ಲೆಂಡಿನ ಲೊಸಾನ್. ತಾಯಿ ಕಮಲಾ ಕ್ಷಯದಿಂದ ಸಾಯುತ್ತಿದ್ದಾರೆ. ಮಗಳಿಗೆ ಹದಿನೆಂಟು. ಅಲ್ಲಿ ನೀನು ಪ್ರಧಾನಿಯನ್ನು ಮರೆತಿದ್ದೀಯ. ಯಾಕೆ ಮರೆತೆ ಅಂತ ನಿನಗೇ ಗೊತ್ತಿರಲಿಕ್ಕಿಲ್ಲ.

ಆ ನಾಲ್ಕು ಪುಟ ಈ ಪತ್ರದ ಜೊತೆ ಕಳಿಸಿದ್ದೇನೆ. ಅಲ್ಲಿಂದಲೇ ಶುರು ಮಾಡು. ಉಳಿದದ್ದು ನನ್ನ ಅಟ್ಟದ ಮೇಲಿರಲಿ, ನಿನ್ನ ಕೈಗೆ ಬೆಂಕಿಪೊಟ್ಟಣ ಕೊಡುವ ಧೈರ್ಯ ನನಗಿಲ್ಲ.

ನಿನ್ನ,
ಮುದುಕ