ಹುಡುಕುವುದನ್ನು ಯಾವ ತಾಸಿನಲ್ಲಿ ಕಲಿಸುತ್ತೇವೆ?

ಮಾನ್ಯ ಸಂಪಾದಕರೆ,

ಪದವಿ ಕಾಲೇಜುಗಳಲ್ಲಿ ಗ್ರಂಥಾಲಯದ ಪರಿಚಯವೆಂದರೆ ಸಾಮಾನ್ಯವಾಗಿ ಪ್ರವೇಶದ ವಾರದ ಒಂದು ತಾಸು. ಕಪಾಟು ತೋರಿಸಿ, ಕಾರ್ಡು ಕೊಟ್ಟು, ಎನ್-ಲಿಸ್ಟ್ (ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆ ಒದಗಿಸುವ ಜಾಲತಾಣ) ಪಾಸ್‌ವರ್ಡ್ ಬೇಕಾದವರು ಹೆಸರು ಬರೆಸಿರಿ ಎಂದರೆ ಮುಗಿಯಿತು. ಆಗ ವಿದ್ಯಾರ್ಥಿಯ ಕೈಯಲ್ಲಿ ವಿಷಯವೇ ಇರುವುದಿಲ್ಲ. ಮುಂದೆ ಕಿರುಪ್ರಬಂಧ ಬರೆಯುವ ಹೊತ್ತಿಗೆ ಮೊಬೈಲಿನಲ್ಲಿ ಮೊದಲು ಸಿಕ್ಕಿದ್ದೇ ಆಧಾರವಾಗುತ್ತದೆ. ವಿಷಯ ಹಂಚಿದ ವಾರದಲ್ಲೇ ಅಧ್ಯಾಪಕರೂ ಗ್ರಂಥಪಾಲಕರೂ ಒಟ್ಟಿಗೆ ನಿಂತು ಕನಿಷ್ಠ ಮೂರು ತಾಸು ಆಧಾರ ಹುಡುಕುವ, ತೂಗಿ ನೋಡುವ ಕೆಲಸ ಕಲಿಸಬೇಕು ಎಂಬುದು ನಮ್ಮ ಒತ್ತಾಯ.

ಐಹೊಳೆಯ ಮೇಗುತಿ ಬಸದಿಯಲ್ಲಿರುವ, ಚಾಲುಕ್ಯ ದೊರೆ ಎರಡನೆಯ ಪುಲಕೇಶಿಯನ್ನು ಹೊಗಳಿ ಕವಿ ರವಿಕೀರ್ತಿ ಬರೆದ ಶಾಸನವನ್ನೇ ಪಾಠವಾಗಿಸಬಹುದು. ಪ್ರಶ್ನೆಯನ್ನು ಇಡಿಯಾಗಿ ಟೈಪಿಸದೆ ಐಹೊಳೆ, ಮೇಗುತಿ, ರವಿಕೀರ್ತಿ, ಎರಡನೆಯ ಪುಲಕೇಶಿ ಎಂದು ಬಿಡಿಸಬೇಕು. ಇಂಗ್ಲಿಷಿನಲ್ಲಿ ಪುಲಕೇಶಿ, ಪುಲಿಕೇಶಿ, ಪುಲಿಕೇಶಿನ್ ಎಲ್ಲವನ್ನೂ ಹಾಕಿ ನೋಡಬೇಕು. ಊರಿನ ಹೆಸರಿನಲ್ಲೇ ಬಹಳ ಮಂದಿ ಎಡವುತ್ತಾರೆ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ, ಬಿಜಾಪುರ ವಿಜಯಪುರವಾದದ್ದು 2014ರಲ್ಲಿ. ಹಳೆಯ ಸಂಪುಟಗಳಲ್ಲಿ ಐಹೊಳೆ, ಬಾದಾಮಿ ಎರಡೂ ಸಾಮಾನ್ಯವಾಗಿ ಬಿಜಾಪುರ ಜಿಲ್ಲೆಯ ಕೆಳಗೆ ಇವೆ. ಇದು ತಿಳಿಯದವರು ‘ಏನೂ ಸಿಗಲಿಲ್ಲ’ ಎಂದು ಕೈಚೆಲ್ಲುತ್ತಾರೆ.

ಆಮೇಲೆ ಅಡಿಟಿಪ್ಪಣಿಯ ಬೆನ್ನು ಹತ್ತುವುದು. ಪಠ್ಯಪುಸ್ತಕದ ಟಿಪ್ಪಣಿ ಶಾಸನಗಳನ್ನು ಪ್ರಕಟಿಸುವ ಎಪಿಗ್ರಾಫಿಯಾ ಇಂಡಿಕಾದ 6ನೇ ಸಂಪುಟಕ್ಕೆ, ಅಲ್ಲಿ ವಿದ್ವಾಂಸ ಕೀಲ್‌ಹಾರ್ನ್ ಸಂಪಾದಿಸಿದ ಪಾಠಕ್ಕೆ ಒಯ್ಯುತ್ತದೆ. ಅದಕ್ಕೂ ಮುಂಚೆ ಶಾಸನತಜ್ಞ ಫ್ಲೀಟ್ ಇದೇ ಶಾಸನವನ್ನು ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಇಂಥ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮೂಲ ತೆರೆದವರಿಗೆ ಶಕ 556 ಎಂದರೆ (78 ಕೂಡಿಸಿ) ಕ್ರಿ.ಶ. 634-35 ಎಂಬುದು ಬಾಯಿಪಾಠವಾಗಿ ಉಳಿಯದೆ ಲೆಕ್ಕವಾಗುತ್ತದೆ. ಟಿಪ್ಪಣಿ ಹಿಂದಕ್ಕೆ ಒಯ್ದರೆ ಗೂಗಲ್ ಸ್ಕಾಲರ್‌ನ ‘ಸೈಟೆಡ್ ಬೈ’ ಮುಂದಕ್ಕೆ, ಆ ಲೇಖನವನ್ನು ಆಮೇಲೆ ಯಾರು ಬಳಸಿದರು ಎಂಬಲ್ಲಿಗೆ ಒಯ್ಯುತ್ತದೆ. ‘ಕಳೆದ ಐದು ವರ್ಷದ ಲೇಖನ ಮಾತ್ರ’ ಎಂಬ ವಿಜ್ಞಾನದವರ ನಿಯಮವನ್ನು ಇತಿಹಾಸ, ಸಾಹಿತ್ಯದ ಮಕ್ಕಳಿಗೆ ಹೇರಬೇಡಿರಿ. ಆ ಜರಡಿಯಲ್ಲಿ ಕೀಲ್‌ಹಾರ್ನ್, ಫ್ಲೀಟ್ ಇಬ್ಬರೂ ಸೋರಿಹೋಗುತ್ತಾರೆ.

ಕನ್ನಡದ್ದು ಬೇರೆಯೇ ತೊಡಕು. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಮೊಬೈಲಿನಲ್ಲಿ ಬಳಸುವ ಯೂನಿಕೋಡ್ ಕನ್ನಡದಲ್ಲಿ ಎಷ್ಟು ಹುಡುಕಿದರೂ ಅದು ಎದುರಿಗೆ ಬರದು. ಪಿಎಚ್‌ಡಿ ಮಹಾಪ್ರಬಂಧಗಳ ಜಾಲತಾಣವಾದ ಶೋಧಗಂಗಾದಲ್ಲಿ ಲೇಖಕರ ಹೆಸರು, ವಿಭಾಗ, ಇಂಗ್ಲಿಷ್ ಲಿಪಿಯ ಶೀರ್ಷಿಕೆ ಹಿಡಿದು ಹೋಗಬೇಕು. ಪ್ರಬಂಧ ಸಾಧಾರಣದ್ದಾದರೂ ಅದರ ಗ್ರಂಥಋಣ ಹಲವು ಸಲ ಬಂಗಾರ. ನಮ್ಮ ವಿದ್ವಾಂಸರ ಎಷ್ಟೋ ಒಳ್ಳೆಯ ಲೇಖನಗಳು ಅಭಿನಂದನ ಗ್ರಂಥಗಳಲ್ಲಿ, ಮುದ್ರಿತ ಸಂಶೋಧನ ಪತ್ರಿಕೆಗಳಲ್ಲಿ ಅಡಗಿವೆ. ಗ್ರಂಥಾಲಯದ ಕ್ಯಾಟಲಾಗ್ ಪುಸ್ತಕದ ಹೆಸರು ಹೇಳುತ್ತದೆ, ಒಳಗಿನ ಲೇಖನದ ಹೆಸರು ಹೇಳುವುದಿಲ್ಲ. ಎದ್ದು ಹೋಗಿ ಪರಿವಿಡಿ ತೆಗೆದು ನೋಡದೆ ಗತಿಯಿಲ್ಲ.

ಸಿಕ್ಕಿದ್ದನ್ನು ತೂಗುವುದಕ್ಕೆ ವಚನಕ್ಕಿಂತ ಒಳ್ಳೆಯ ಪಾಠ ಬೇಕೆ? ವಾಟ್ಸಾಪಿನಲ್ಲಿ ಬಂದ ‘ಬಸವಣ್ಣನ ವಚನ’ದಲ್ಲಿ ಕೂಡಲಸಂಗಮದೇವ ಎಂಬ ಅಂಕಿತ ಇದೆಯೇ ಎಂಬುದು ಮೊದಲ ಪರೀಕ್ಷೆ. ಅಂಕಿತವನ್ನು ಯಾರೂ ಅಂಟಿಸಬಹುದಾದ್ದರಿಂದ, ರಾಜ್ಯ ಸರ್ಕಾರ 15 ಸಂಪುಟಗಳಲ್ಲಿ ತಂದ ಸಮಗ್ರ ವಚನ ಸಂಪುಟದ ಅಕಾರಾದಿಯಲ್ಲಿ ಮೊದಲ ಸಾಲು ಹುಡುಕುವುದು ಎರಡನೆಯದು. ಚಾಟ್‌ಜಿಪಿಟಿ ಕೊಟ್ಟ ಗ್ರಂಥಋಣಕ್ಕೂ ಇದೇ ಶಿಸ್ತು ಬೇಕು. ಅದು ನಿಜವಾದ ಪತ್ರಿಕೆಯ ಹೆಸರಿಗೆ ಇಲ್ಲದ ಲೇಖನವನ್ನು ಜೋಡಿಸಿ ಕೊಡಬಲ್ಲದು. ಸಂಪುಟ, ಸಂಚಿಕೆ, ಪುಟ ತೆರೆದು ನೋಡಿ, ಲೇಖನ ಕಾಣದಿದ್ದರೆ ಬಿಟ್ಟುಬಿಡಬೇಕು. ಪತ್ರಿಕೆಯ ಮೇಲಿನ ಐಎಸ್ಎಸ್ಎನ್ ಬರೀ ಗುರುತಿನ ಸಂಖ್ಯೆ, ಗುಣಮಟ್ಟದ ಮುದ್ರೆಯಲ್ಲ. ಯುಜಿಸಿ ಒಪ್ಪಿದ ಪತ್ರಿಕೆಗಳ ‘ಕೇರ್’ ಪಟ್ಟಿಯೂ ನಿಂತುಹೋಗಿರುವಾಗ, ಹಣ ಕಟ್ಟಿದರೆ ಮೂರೇ ದಿನಕ್ಕೆ ಅಚ್ಚು ಹಾಕುವ ಪತ್ರಿಕೆಗಳನ್ನು ಗುರುತಿಸುವ ಹೊಣೆ ಪೂರ್ತಿ ಅಧ್ಯಾಪಕರದೇ.

ಅಂಕವಿಲ್ಲದ ಕೆಲಸಕ್ಕೆ ವಿದ್ಯಾರ್ಥಿಗಳು ಕೂರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಗಳು ಆಂತರಿಕ ಅಂಕಗಳಲ್ಲಿ ಐದನ್ನು ಒಂದು ಪುಟದ ಹುಡುಕಾಟದ ದಾಖಲೆಗೆ ಮೀಸಲಿಡಲಿ: ಯಾವ ಪದ, ಎಲ್ಲಿ ಹುಡುಕಿದ್ದು, ಏನು ಸಿಕ್ಕಿತು, ಯಾವುದನ್ನು ಏಕೆ ಕೈಬಿಟ್ಟಿದ್ದು. ಕೈಬಿಟ್ಟದ್ದಕ್ಕೆ ಕೊಟ್ಟ ಕಾರಣಕ್ಕೇ ಹೆಚ್ಚು ಅಂಕ ಇರಲಿ.

— ಕಾಲೇಜು ಗ್ರಂಥಪಾಲಕರು, ವಿಜಯಪುರ