ದಸರೆಗೆ ಬರುವ ನೆರೆಯವರಿಗೂ ವೀಸಾ ವಿನಾಯಿತಿ ಸಿಗಲಿ

ಮಾನ್ಯರೇ,

ಶ್ರೀರಂಗಪಟ್ಟಣದಲ್ಲಿ ಇಪ್ಪತ್ತೆರಡು ವರ್ಷಗಳಿಂದ ದರಿಯಾ ದೌಲತ್, ಗುಂಬಜ್, ರಂಗನಾಥಸ್ವಾಮಿ ದೇವಾಲಯಗಳನ್ನು ಪ್ರವಾಸಿಗರಿಗೆ ತೋರಿಸಿ ಬದುಕುತ್ತಿರುವವನು ನಾನು. ವೀಸಾ ಎಂದರೆ ದೆಹಲಿಯವರು ನೋಡಿಕೊಳ್ಳುವ ವಿಷಯ ಎಂದು ನಮ್ಮ ಕಡೆ ಎಲ್ಲರೂ ಸುಮ್ಮನಿದ್ದಾರೆ. ನಮ್ಮೂರಿನ ಆಟೊದವರು, ಲಾಡ್ಜಿನವರು, ಎಳನೀರು ಮಾರುವವರು ಕೂಡ ಕೇಳಬೇಕಾದ ವಿಷಯವದು.

2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಬೇಡವೆಂದಿತು. ಅದಕ್ಕೆ ಮೊದಲು ಬ್ಯಾಂಕಾಕಿನಲ್ಲಿ ಇಳಿದು, ಸಾಲಿನಲ್ಲಿ ನಿಂತು, ತಲೆಗೆ 2,000 ಬಾತ್ ಕಟ್ಟಿದರೆ 15 ದಿನಗಳ ವೀಸಾ ಸಿಗುತ್ತಿತ್ತು. ಡಿಸೆಂಬರ್ 1ರಿಂದ ಮಲೇಷ್ಯಾ ಕೂಡ ಬಾಗಿಲು ತೆರೆಯಿತು. ಅದೇ ಸುಮಾರಿಗೆ ಶ್ರೀಲಂಕಾ, ಭಾರತವೂ ಸೇರಿದಂತೆ ಏಳು ದೇಶಗಳ ಪ್ರವಾಸಿಗರಿಗೆ ವೀಸಾ ಶುಲ್ಕ ಮನ್ನಾ ಮಾಡಿತು. ಪ್ರತಿ ಬೇಸಿಗೆಯಲ್ಲಿ ಊಟಿಗೆ ಹೋಗುತ್ತಿದ್ದ ನನ್ನ ಅಣ್ಣನ ಮಗ ಮರುವರ್ಷ ಹೆಂಡತಿ ಮಕ್ಕಳೊಡನೆ ಫುಕೆಟ್‌ಗೆ ಹೋಗಿಬಂದ. ಉಳಿದ ಹಣಕ್ಕಿಂತ, ವೀಸಾ ಸಿಗದೆ ಹೋದರೆ ಟಿಕೆಟ್ ಹಣ ಮುಳುಗುತ್ತದೆಂಬ ಅಳುಕು ಹೋದದ್ದೇ ಅವನಿಗೆ ಮುಖ್ಯವಾಗಿತ್ತು.

ಹೀಗೆ ನಮ್ಮವರು ಹೋಗುತ್ತಿದ್ದಾರೆ, ಸಂತೋಷ. ಅಲ್ಲಿಯವರು ಇಲ್ಲಿಗೆ ಬರುವಾಗ ಮಾತ್ರ ನಾವು ಇ-ವೀಸಾ ಅರ್ಜಿಯನ್ನು ಮುಂದಿಡುತ್ತೇವೆ.

ಕಳೆದ ದಸರೆಯಲ್ಲಿ ಶ್ರೀಲಂಕಾದ ಕ್ಯಾಂಡಿಯಿಂದ ಬಂದ ಶಿಕ್ಷಕ ದಂಪತಿಗೆ ನಾನು ಊರು ತೋರಿಸಿದೆ. 1610ರಲ್ಲಿ ರಾಜ ಒಡೆಯರು ದಸರೆ ಆರಂಭಿಸಿದ್ದು ಇದೇ ಶ್ರೀರಂಗಪಟ್ಟಣದಲ್ಲಿ ಎಂದಾಗ ಆ ತಾಯಿಯ ಮುಖ ಅರಳಿತು. ಅವರ ಊರಿನ ಎಸಲ ಪೆರಹೆರ ಉತ್ಸವದಲ್ಲೂ ಆನೆಯೇ ಮುಖ್ಯ. ಬುದ್ಧನ ದಂತಧಾತುವಿನ ಕರಂಡಕವನ್ನು ಹೊತ್ತ ಆನೆಯ ಹೆಜ್ಜೆಗೆ ಬಿಳಿ ಬಟ್ಟೆ ಹಾಸುತ್ತಾರಂತೆ. ಮರುದಿನ ಮೈಸೂರಿನಲ್ಲಿ 750 ಕಿಲೊ ತೂಕದ ಅಂಬಾರಿಯಲ್ಲಿ ಚಾಮುಂಡೇಶ್ವರಿ ಹೊರಟಾಗ ಆಕೆ ಕೈಮುಗಿದು ನಿಂತದ್ದನ್ನು ನಾನು ಮರೆಯಲಾರೆ. ಯುರೋಪಿನ ಪ್ರವಾಸಿಗೆ ಗಂಟೆಗಟ್ಟಲೆ ವಿವರಿಸಬೇಕಾದುದು ಆಕೆಗೆ ಒಂದು ಮಾತೂ ಇಲ್ಲದೆ ಅರ್ಥವಾಗಿತ್ತು. ಅವರ ಅಕ್ಕನ ಕುಟುಂಬವೂ ಹೊರಟಿತ್ತಂತೆ. ತಂದೆ ತಾಯಿ ಹುಟ್ಟಿದ ಊರು, ಭಾರತದಲ್ಲಿ ಗುರುತಿನವರ ಹೆಸರು ವಿಳಾಸ ಎಂದೆಲ್ಲ ಅರ್ಜಿಯಲ್ಲಿ ಕೇಳಿದ್ದನ್ನು ನೋಡಿ, ಇಲ್ಲಿ ಯಾರ ಪರಿಚಯವೂ ಇಲ್ಲದ ಆ ಹಿರಿಯರು ಹಿಂದೆ ಸರಿದರು. ನಮ್ಮೂರಿಗೆ ತಪ್ಪಿಹೋದ ಐವರು ಅತಿಥಿಗಳು ಅವರು.

ಗಡಿ ಸಡಿಲವಾದರೆ ಭದ್ರತೆಯ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ 1950ರ ಒಪ್ಪಂದದ ಕಾಲದಿಂದ ನೇಪಾಳದವರು ವೀಸಾ ಇಲ್ಲದೆ ಬರುತ್ತಿದ್ದಾರೆ, ನಾವೂ ಹಾಗೆಯೇ ಹೋಗುತ್ತಿದ್ದೇವೆ. ನಮ್ಮ ಕಡೆಯ ಎಷ್ಟೋ ಶ್ರೀವೈಷ್ಣವ ಹಿರಿಯರು ಮುಕ್ತಿನಾಥನ ದರ್ಶನ ಮಾಡಿ ಬಂದಿದ್ದಾರೆ. ಪಶುಪತಿನಾಥನ ಪೂಜೆ ನಡೆಸುವ ಭಟ್ಟರು ಕರ್ನಾಟಕದ ಮೂಲದವರು. ಮಾಲ್ಡೀವ್ಸ್‌ನೊಂದಿಗೂ ಪರಸ್ಪರ ವಿನಾಯಿತಿ ಇದೆ. ಅಲ್ಲಿಯ ರೋಗಿಗಳು ಚಿಕಿತ್ಸೆಗೆ ತಿರುವನಂತಪುರಕ್ಕೆ ಬರುತ್ತಾರೆ. ಅವರಿಗೆ ಸಾಧ್ಯವಾದದ್ದು ಶ್ರೀಲಂಕಾದವರಿಗೆ, ಥಾಯ್ಲೆಂಡಿನವರಿಗೆ ಏಕೆ ಆಗಬಾರದು? ಪಾಸ್‌ಪೋರ್ಟ್ ವಿವರಗಳನ್ನು ಮೊದಲೇ ಆನ್‌ಲೈನ್‌ನಲ್ಲಿ ನೋಂದಾಯಿಸಿಕೊಂಡರೆ ಪೊಲೀಸರಿಗೆ ಬೇಕಾದ ಮಾಹಿತಿ ಸಿಗುತ್ತದೆ.

ವಿನಾಯಿತಿಯೊಂದೇ ಎಲ್ಲವನ್ನೂ ಮಾಡುತ್ತದೆಂದು ನಾನು ಹೇಳುವುದಿಲ್ಲ. 2023ರಲ್ಲಿ ಮಾಲ್ಡೀವ್ಸ್‌ಗೆ ಹೋದವರಲ್ಲಿ ಭಾರತೀಯರೇ ಮೊದಲಿಗರಾಗಿದ್ದರು. ಮರುವರ್ಷದ ಜನವರಿಯಲ್ಲಿ ಎರಡೂ ಕಡೆ ಮಾತು ಕೆಟ್ಟಿತು, ನಮ್ಮವರ ಸಂಖ್ಯೆ ಕುಸಿಯಿತು. ವೀಸಾ ನಿಯಮ ಮಾತ್ರ ಮೊದಲಿನಂತೆಯೇ ಇತ್ತು.

ದೂರದ ಮಾತನ್ನೂ ಆಡುವಂತಿಲ್ಲ. ಕೊಲಂಬೊದಿಂದ ಚೆನ್ನೈಗೆ ವಿಮಾನದಲ್ಲಿ ಒಂದೂವರೆ ಗಂಟೆಯೂ ಬೇಡ. ಅಲ್ಲಿಂದ 2022ರ ನವೆಂಬರ್‌ನಲ್ಲಿ ಶುರುವಾದ ವಂದೇ ಭಾರತ್ ರೈಲಿದೆ. ಬೆಳಿಗ್ಗೆ ಹತ್ತಿದವರು ಮಧ್ಯಾಹ್ನದ ಹೊತ್ತಿಗೆ ಮೈಸೂರಿನಲ್ಲಿರುತ್ತಾರೆ.

ಕೋವಿಡ್ ನಂತರ ಪ್ರವಾಸೋದ್ಯಮ ನೆಲಕಚ್ಚಿದ್ದಾಗ ಮೊದಲ ಐದು ಲಕ್ಷ ವಿದೇಶಿ ಪ್ರವಾಸಿಗರಿಗೆ ಉಚಿತ ವೀಸಾ ಕೊಡುವುದಾಗಿ 2021ರಲ್ಲಿ ಕೇಂದ್ರ ಸರ್ಕಾರವೇ ಪ್ರಕಟಿಸಿತ್ತು. ಅಂಥ ಹೆಜ್ಜೆಯನ್ನು ಈಗ ನೆರೆಯವರಿಗಾಗಿ ಇಡಬೇಕು. ಮೈಸೂರು ಮತ್ತು ಮಂಡ್ಯದ ಸಂಸದರು ಇದನ್ನು ಸಂಸತ್ತಿನಲ್ಲಿ ಎತ್ತಲಿ. ಶ್ರೀಲಂಕಾ ಮತ್ತು ಥಾಯ್ಲೆಂಡ್ ಪ್ರವಾಸಿಗರಿಗೆ 30 ದಿನಗಳ ವೀಸಾ ವಿನಾಯಿತಿಯನ್ನು ಪ್ರಾಯೋಗಿಕವಾಗಿ ಒಂದು ವರ್ಷದ ಮಟ್ಟಿಗಾದರೂ ಕೊಡಿಸಲಿ. ದಸರೆಗೆ ಮೂರು ತಿಂಗಳ ಮೊದಲೇ ಅದು ಪ್ರಕಟವಾದರೆ ಕ್ಯಾಂಡಿಯ ಆ ಅಕ್ಕನ ಮನೆಯವರಿಗೂ ರಜೆ ಹೊಂದಿಸಿಕೊಳ್ಳಲು ಸಮಯವಿರುತ್ತದೆ.

– ಒಬ್ಬ ಪ್ರವಾಸಿ ಮಾರ್ಗದರ್ಶಿ, ಶ್ರೀರಂಗಪಟ್ಟಣ, ಮಂಡ್ಯ ಜಿಲ್ಲೆ